ಅಣ್ಣನಿಗೆ ಟೈಪ್ 1 ಮಧುಮೇಹವಿದ್ದರೆ ತಂಗಿಯ ಜೀನ್ ಪರೀಕ್ಷೆ ಏನು ಹೇಳಬಲ್ಲದು?

ಇಬ್ಬರ ತಾಯಿ:

ನನ್ನ ಮಗನಿಗೆ ಏಳನೆಯ ವಯಸ್ಸಿನಲ್ಲಿ ಟೈಪ್ 1 ಮಧುಮೇಹ ಪತ್ತೆಯಾಯಿತು. ಈಗ ಅವನಿಗೆ ಒಂಬತ್ತು, ಅವನ ತಂಗಿಗೆ ಮೂರು. ನನ್ನ ತವರಿನಲ್ಲಾಗಲಿ ಗಂಡನ ಮನೆಯಲ್ಲಾಗಲಿ, ಮುತ್ತಜ್ಜರ ತನಕ ಕೆದಕಿ ನೋಡಿದರೂ ಚಿಕ್ಕಂದಿನಲ್ಲೇ ಇನ್ಸುಲಿನ್ ಹಿಡಿದವರು ಒಬ್ಬರೂ ಸಿಗಲಿಲ್ಲ. ಹಾಗಿದ್ದರೂ ನಮ್ಮ ವೈದ್ಯರು ಈ ಕಾಯಿಲೆಯಲ್ಲಿ ವಂಶವಾಹಿಗಳ ಪಾಲು ದೊಡ್ಡದು ಎನ್ನುತ್ತಾರೆ. ವಂಶದಲ್ಲಿ ಯಾರಿಗೂ ಇಲ್ಲದ್ದು ವಂಶವಾಹಿಯಿಂದ ಬರುವುದು ಹೇಗೆ ಎಂಬುದು ನನ್ನ ಮೊದಲ ಪ್ರಶ್ನೆ.

ಎರಡನೆಯ ಪ್ರಶ್ನೆ ಇನ್ನೂ ತುರ್ತಿನದು. ಎಂಜಲಿನ ಮಾದರಿಯನ್ನು ಅಂಚೆಯಲ್ಲಿ ಕಳುಹಿಸಿದರೆ ಹತ್ತಾರು ಕಾಯಿಲೆಗಳ ‘ಅಪಾಯದ ಅಂಕ’ವನ್ನು ಲೆಕ್ಕ ಹಾಕಿ ಕೊಡುವ ಪರೀಕ್ಷೆಗಳಿವೆ; ಮಗಳಿಗೆ ಅದನ್ನು ಮಾಡಿಸಿಬಿಡೋಣ ಎನ್ನುವುದು ನನ್ನವರ ಅಭಿಪ್ರಾಯ. ಬಂದ ಉತ್ತರವನ್ನು ಕೈಯಲ್ಲಿ ಹಿಡಿದುಕೊಂಡು ನಾನು ಏನು ಮಾಡಬೇಕು ಎಂಬುದು ತಿಳಿಯದೆ ಹಿಂಜರಿಯುತ್ತಿದ್ದೇನೆ. ಈ ಜೀನ್‌ಗಳನ್ನು ಹೇಗೆ ಹುಡುಕಿದರು, ಹುಡುಕಿದ್ದರಿಂದ ನಿಜವಾಗಿ ಏನು ತಿಳಿಯಿತು ಎಂಬುದನ್ನು ಬಲ್ಲವರು ಬಿಡಿಸಿ ಹೇಳಿದರೆ ಉಪಕಾರವಾಗುತ್ತದೆ. ಪಥ್ಯ, ಮನೆಮದ್ದುಗಳ ಸಲಹೆ ದಯವಿಟ್ಟು ಬೇಡ. ಅವು ಈಗಾಗಲೇ ಬೇಕಾದಷ್ಟು ಬಂದಿವೆ.

ಪ್ರಯೋಗಾಲಯದವ:

ಮೇಡಂ, ನಿಮ್ಮ ಮೊದಲ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅದರ ಉತ್ತರದಲ್ಲೇ ಮಿಕ್ಕದ್ದೆಲ್ಲ ಅಡಗಿದೆ. ಹೊಸದಾಗಿ ಟೈಪ್ 1 ಪತ್ತೆಯಾಗುವ ಮಕ್ಕಳಲ್ಲಿ ನೂರಕ್ಕೆ 85ರಿಂದ 90 ಮಂದಿಗೆ ಅದೇ ಕಾಯಿಲೆಯಿರುವ ಹತ್ತಿರದ ಸಂಬಂಧಿ ಇರುವುದೇ ಇಲ್ಲ. ನಿಮ್ಮ ಮನೆ ಅಪವಾದವಲ್ಲ, ಅದೇ ಸಾಮಾನ್ಯ. ಅಪಾಯ ತರುವ ಜೀನ್ ರೂಪಗಳು ಅಪರೂಪದ ದೋಷಗಳಲ್ಲ. ಆರೋಗ್ಯವಂತರಲ್ಲೂ ಹೇರಳವಾಗಿ ಇರುವಂಥವು. ತಂದೆಯಲ್ಲಿ ಒಂದು, ತಾಯಿಯಲ್ಲಿ ಇನ್ನೊಂದು ಇದ್ದು ಇಬ್ಬರೂ ಜೀವನವಿಡೀ ಆರೋಗ್ಯವಾಗಿ ಇರುತ್ತಾರೆ. ಎರಡೂ ಒಂದೇ ಮಗುವಿನಲ್ಲಿ ಕೂಡಿದಾಗ ಅಪಾಯ ಏರುತ್ತದೆ, ಏರಿದ ಮೇಲೂ ಹೆಚ್ಚಿನ ಮಕ್ಕಳಿಗೆ ಕಾಯಿಲೆ ಬರುವುದಿಲ್ಲ.

ಇನ್ನು ಹುಡುಕಾಟದ ಕಥೆ. 1970ರ ದಶಕದ ಆರಂಭದಲ್ಲಿ ಅಂಗಾಂಗ ಕಸಿ ಮಾಡುವವರಿಗೆ ಒಂದು ಸಮಸ್ಯೆಯಿತ್ತು: ಒಬ್ಬರ ಮೂತ್ರಪಿಂಡವನ್ನು ಇನ್ನೊಬ್ಬರ ದೇಹ ಪರಕೀಯವೆಂದು ಗುರುತಿಸಿ ತಿರಸ್ಕರಿಸುತ್ತಿತ್ತು. ಆ ಗುರುತಿಗೆ ಕಾರಣವಾದ, ಬಿಳಿ ರಕ್ತಕಣಗಳ ಮೈಮೇಲಿರುವ ಪ್ರೋಟೀನುಗಳನ್ನು ಎಚ್‌ಎಲ್‌ಎ ಎಂದು ಕರೆದು ಅವುಗಳ ಬಗೆಗಳಿಗೆ ಸಂಖ್ಯೆ ಹಚ್ಚುತ್ತಿದ್ದರು. ಅದೇ ಪರೀಕ್ಷೆಯನ್ನು ಇನ್ಸುಲಿನ್ ಅವಲಂಬಿತ ಮಧುಮೇಹಿಗಳ ರಕ್ತದ ಮೇಲೆ ಮಾಡಿದಾಗ ಕೆಲವು ಬಗೆಗಳು ಮತ್ತೆ ಮತ್ತೆ ಕಂಡವು. 1973ರಲ್ಲಿ ಕೆನಡಾದ ಸಿಂಗಲ್ ಮತ್ತು ಬ್ಲೈಖ್‌ಮನ್, 1974ರಲ್ಲಿ ಡೆನ್ಮಾರ್ಕಿನ ಯೊರ್ನ್ ನೆರುಪ್ ತಂಡ ಇದನ್ನು ಪ್ರಕಟಿಸಿದರು. ಅದೇ 1974ರಲ್ಲಿ ಬೊತ್ತಾತ್ಸೊ, ಡೋನಿಯಾಕ್ ಮೊದಲಾದವರು ಮೇದೋಜೀರಕ ಗ್ರಂಥಿಯ ಇನ್ಸುಲಿನ್ ಕೋಶಗುಚ್ಛಗಳ ವಿರುದ್ಧವೇ ದೇಹ ತಯಾರಿಸಿಕೊಂಡ ಪ್ರತಿಕಾಯಗಳನ್ನು, ಎಂದರೆ ಆ್ಯಂಟಿಬಾಡಿಗಳನ್ನು, ಕಂಡರು. ಈ ಎರಡು ಸುದ್ದಿಗಳು ಒಟ್ಟಿಗೆ ಬಂದದ್ದರಿಂದ, ಅಲ್ಲಿಯವರೆಗೆ ಸಕ್ಕರೆಯ ಕಾಯಿಲೆಯೆಂದು ಓದುತ್ತಿದ್ದದ್ದನ್ನು ರೋಗನಿರೋಧಕ ವ್ಯವಸ್ಥೆಯ ಕಾಯಿಲೆಯೆಂದು ಓದುವುದು ಆರಂಭವಾಯಿತು. ನನ್ನ ಮಟ್ಟಿಗೆ ಇಡೀ ಹುಡುಕಾಟದ ಅತಿ ದೊಡ್ಡ ಫಲ ಇದೇ. ಆಮೇಲಿನ ಐವತ್ತು ವರ್ಷಗಳ ಕೆಲಸ ಈ ಮಾತಿಗೆ ಬರೆದ ವ್ಯಾಖ್ಯಾನ.

ಮೊದಲು ಕಂಡ ಬಗೆಗಳು ಅಸಲಿ ಅಪರಾಧಿಗಳಲ್ಲ, ಅಪರಾಧಿಯ ಪಕ್ಕದ ಮನೆಯವು ಎಂಬುದು ಬೇಗ ತಿಳಿಯಿತು. ಆರನೆಯ ವರ್ಣತಂತುವಿನ ಆ ಭಾಗದಲ್ಲಿ ಜೀನ್‌ಗಳು ಒತ್ತೊತ್ತಾಗಿ ಕುಳಿತಿದ್ದು, ಒಟ್ಟಾಗಿಯೇ ಮುಂದಿನ ಪೀಳಿಗೆಗೆ ಸಾಗುತ್ತವೆ. ಹುಡುಕಾಟ ಅದೇ ಭಾಗದ ಇನ್ನೆರಡು ಬಗೆಗಳಾದ ಡಿಆರ್3, ಡಿಆರ್4ಗೆ ಸರಿಯಿತು, ಅಲ್ಲಿಂದ ಡಿಕ್ಯೂ ಎಂಬ ನೆರೆಯ ಜೀನ್‌ಗೆ. 1987ರಲ್ಲಿ ಟಾಡ್, ಬೆಲ್ ಮತ್ತು ಮೆಕ್‌ಡೆವಿಟ್ ಅವರು ಡಿಕ್ಯೂ ಪ್ರೋಟೀನಿನ ಬೀಟಾ ಸರಪಳಿಯ 57ನೆಯ ಸ್ಥಾನದಲ್ಲಿ ಆಸ್ಪಾರ್ಟಿಕ್ ಆಮ್ಲ ಇದ್ದರೆ ರಕ್ಷಣೆ, ಅದರ ಜಾಗದಲ್ಲಿ ಅಲನೀನ್‌ನಂಥದು ಇದ್ದರೆ ಅಪಾಯ ಎಂದು ತೋರಿಸಿದರು. ಮಧುಮೇಹ ತಾನಾಗಿ ಬರುವ ನಾಡ್ ಎಂಬ ಇಲಿತಳಿಯಲ್ಲೂ ಅದೇ ಸ್ಥಾನದಲ್ಲಿ ಆಸ್ಪಾರ್ಟಿಕ್ ಆಮ್ಲ ಇಲ್ಲ.

ಒಂದು ಅಮೈನೋ ಆಮ್ಲಕ್ಕೆ ಇಷ್ಟು ಮಹತ್ವ ಏಕೆಂದರೆ, ಎಚ್‌ಎಲ್‌ಎ ಪ್ರೋಟೀನು ಒಂದು ಬೋಗುಣಿಯ ಹಾಗೆ. ಕೋಶದೊಳಗೆ ತುಂಡಾದ ಪ್ರೋಟೀನುಗಳ ಚೂರುಗಳನ್ನು ಅದು ತನ್ನ ಸೀಳಿನಲ್ಲಿ ಇಟ್ಟು ಟಿ ಕೋಶಗಳೆಂಬ ಕಾವಲುಗಾರರಿಗೆ ತೋರಿಸುತ್ತದೆ. ಸೀಳಿನ ಆಕಾರ ಬದಲಾದರೆ ಯಾವ ಚೂರು ಕೂರುತ್ತದೆ, ಎಷ್ಟು ಬಿಗಿಯಾಗಿ ಕೂರುತ್ತದೆ ಎಂಬುದೂ ಬದಲಾಗುತ್ತದೆ. ಇನ್ಸುಲಿನ್ನಿನ ಚೂರು ಅಲ್ಲಿ ಸಡಿಲವಾಗಿಯೋ ಓರೆಯಾಗಿಯೋ ಕೂತರೆ, ಅದನ್ನು ಗುರಿಮಾಡುವ ಟಿ ಕೋಶಗಳು ಬಾಲ್ಯದಲ್ಲೇ ಅಳಿಯದೆ ಉಳಿದುಬಿಡಬಹುದು.

ಸಂಶಯಾತ್ಮ:

ವಿವರಣೆ ಸೊಗಸಾಗಿದೆ, ಆದರೆ ಮುಖ್ಯ ಜೀನ್ 1974ರಲ್ಲೇ ಸಿಕ್ಕಿದ್ದರೆ ಆಮೇಲೆ ಐವತ್ತು ವರ್ಷ ಹುಡುಕಿದ್ದು ಏನನ್ನು? ಪ್ರತಿ ವರ್ಷವೂ ‘ಹೊಸ ಜೀನ್ ಪತ್ತೆ’ ಎಂಬ ಸುದ್ದಿ ಬರುತ್ತದೆ, ರೋಗಿ ಮಾತ್ರ ಚುಚ್ಚಿಕೊಳ್ಳುವುದು ಅದೇ ಇನ್ಸುಲಿನ್. ಕೆಲವು ಜನರಲ್ಲಿ ಈ 57ರ ನಿಯಮವೇ ಹಿಡಿಯುವುದಿಲ್ಲ ಎಂದೂ ಓದಿದ ನೆನಪು.

ಪ್ರಯೋಗಾಲಯದವ:

ನಿಮ್ಮ ನೆನಪು ಸರಿಯಾಗಿದೆ, ಸರ್. ಜಪಾನಿನಲ್ಲಿ ಅಪಾಯ ತರುವ ಮುಖ್ಯ ಬಗೆಗಳಾದ ಡಿಆರ್9 ಮತ್ತು ಅಲ್ಲಿನ ಡಿಆರ್4ರ ಜೊತೆಗಿರುವ ಡಿಕ್ಯೂಗಳಲ್ಲಿ 57ನೆಯ ಸ್ಥಾನದಲ್ಲಿ ಆಸ್ಪಾರ್ಟಿಕ್ ಆಮ್ಲ ಇದ್ದೇ ಇದೆ. ಯುರೋಪಿನಲ್ಲಿ ಅಪಾಯದ ಹೆಸರಾದ ಡಿಆರ್3ಕ್ಕೆ ಆಫ್ರಿಕಾ ಮೂಲದವರಲ್ಲಿ ಇರುವ ಒಂದು ಒಳಬಗೆ ರಕ್ಷಿಸುವಂಥದು. ಹಾಗಾಗಿ 57 ಒಂದು ಬೀಗದ ಒಂದು ಹಲ್ಲು ಮಾತ್ರ, ಇಡೀ ಬೀಗವಲ್ಲ.

ಐವತ್ತು ವರ್ಷ ಹುಡುಕಿದ್ದು ಏನನ್ನು ಎಂಬ ಪ್ರಶ್ನೆಗೆ ಉತ್ತರ ಸ್ವಲ್ಪ ಉದ್ದವಾಗುತ್ತದೆ, ಕ್ಷಮಿಸಿ. ಎಚ್‌ಎಲ್‌ಎ ಭಾಗ ಆನುವಂಶಿಕ ಅಪಾಯದ ಸುಮಾರು ಅರ್ಧವನ್ನು ವಿವರಿಸುತ್ತದೆ. ಉಳಿದ ಅರ್ಧದಲ್ಲಿ ಮೊದಲು ಸಿಕ್ಕಿದ್ದು, ಯಾರು ಬೇಕಾದರೂ ಊಹಿಸಬಹುದಾಗಿದ್ದ ಜಾಗ: ಇನ್ಸುಲಿನ್ ಜೀನ್. 1984ರಲ್ಲಿ ಬೆಲ್, ಹೊರಿಟ, ಕರಮ್ ಅವರು ಹನ್ನೊಂದನೆಯ ವರ್ಣತಂತುವಿನಲ್ಲಿ ಆ ಜೀನಿನ ಮುಂಭಾಗದಲ್ಲಿರುವ, ಒಂದೇ ಚಿಕ್ಕ ಪದವನ್ನು ಮತ್ತೆ ಮತ್ತೆ ಬರೆದಂತಿರುವ ಭಾಗದ ಉದ್ದಕ್ಕೂ ಕಾಯಿಲೆಗೂ ಸಂಬಂಧವಿದೆ ಎಂದರು. 26ರಿಂದ 63 ಸಲ ಮರುಕಳಿಸುವ ಗಿಡ್ಡ ಬಗೆ ಅಪಾಯದ್ದು. 140ಕ್ಕಿಂತ ಹೆಚ್ಚು ಸಲ ಮರುಕಳಿಸುವ ಉದ್ದ ಬಗೆ ರಕ್ಷಿಸುವಂಥದು. ಗಿಡ್ಡ ಬಗೆಯವರ ಮೇದೋಜೀರಕದಲ್ಲಿ ಇನ್ಸುಲಿನ್ ಕಡಿಮೆಯೇ? ಇಲ್ಲ. ಇದು ಹದಿಮೂರು ವರ್ಷ ಒಗಟಾಗಿಯೇ ಉಳಿಯಿತು. 1997ರಲ್ಲಿ ಎರಡು ತಂಡಗಳು ಉತ್ತರವನ್ನು ಎದೆಗೂಡಿನೊಳಗಿನ ಥೈಮಸ್ ಗ್ರಂಥಿಯಲ್ಲಿ ಕಂಡವು. ಟಿ ಕೋಶಗಳು ‘ಇದು ನಮ್ಮದು, ಇದನ್ನು ಹೊಡೆಯಬಾರದು’ ಎಂದು ಕಲಿಯುವ ಪಾಠಶಾಲೆ ಅದು. ಅಲ್ಲಿ ಪಾಠಕ್ಕೆಂದೇ ಅತಿ ಸ್ವಲ್ಪ ಇನ್ಸುಲಿನ್ ತಯಾರಾಗುತ್ತದೆ, ಉದ್ದ ಬಗೆಯವರಲ್ಲಿ ಅದು ಎರಡು ಮೂರು ಪಟ್ಟು ಹೆಚ್ಚು. ಪಾಠ ಚೆನ್ನಾಗಿ ಆದವರಲ್ಲಿ ಇನ್ಸುಲಿನ್ನಿನ ಮೇಲೆ ತಿರುಗಿ ಬೀಳುವ ಕೋಶಗಳು ಕಡಿಮೆ. ಈ ವಿಷಯವನ್ನು ವಿದ್ಯಾರ್ಥಿಗಳಿಗೆ ಹೇಳುವಾಗ ನನಗೆ ಇಂದಿಗೂ ರೋಮಾಂಚನವಾಗುತ್ತದೆ.

1994ರಲ್ಲಿ ಆಕ್ಸ್‌ಫರ್ಡಿನ ತಂಡ, ಕಾಯಿಲೆಯಿರುವ ಒಡಹುಟ್ಟಿದವರ ಜೋಡಿಗಳನ್ನು ಇಟ್ಟುಕೊಂಡು ಇಡೀ ಜೀನೋಮನ್ನೇ ಜಾಲಾಡಿತು. ಕಾಯಿಲೆಗೆ ಸಂಬಂಧವಿದೆಯೆಂದು ಆಗ ಹೆಸರಿಟ್ಟ, ಡಿಎನ್‌ಎಯ ಹಲವು ತಾಣಗಳು ಮುಂದಿನ ಪರೀಕ್ಷೆಗಳಲ್ಲಿ ನಿಲ್ಲಲಿಲ್ಲ, ಏಕೆಂದರೆ ಸಣ್ಣ ಪರಿಣಾಮದ ಜೀನ್‌ಗಳನ್ನು ಹಿಡಿಯಲು ನೂರು ಕುಟುಂಬಗಳು ಸಾಲುವುದಿಲ್ಲ. ಸಾವಿರಾರು ರೋಗಿಗಳನ್ನು ಸಾವಿರಾರು ಆರೋಗ್ಯವಂತರೊಂದಿಗೆ ಡಿಎನ್‌ಎಯ ಲಕ್ಷಾಂತರ ಅಕ್ಷರಗಳಲ್ಲಿ ಹೋಲಿಸುವ ವಿಧಾನ 2007ರಲ್ಲಿ ಬ್ರಿಟನ್ನಿನ ವೆಲ್‌ಕಮ್ ಟ್ರಸ್ಟ್ ಅಧ್ಯಯನದೊಂದಿಗೆ ನೆಲೆಯಾಯಿತು. ಏಳು ಕಾಯಿಲೆಗಳಿಗೆ ತಲಾ ಸುಮಾರು 2,000 ರೋಗಿಗಳು, ಎಲ್ಲಕ್ಕೂ ಸೇರಿ 3,000 ಆರೋಗ್ಯವಂತರು. 2009ರ ಹೊತ್ತಿಗೆ ತಾಣಗಳು ನಲವತ್ತು ದಾಟಿದವು. 2021ರಲ್ಲಿ 61,427 ಜನರ ಒಂದು ಅಧ್ಯಯನ 78 ತಾಣಗಳನ್ನೂ, 5,20,580 ಮಾದರಿಗಳ ಇನ್ನೊಂದು ಅಧ್ಯಯನ 81 ತಾಣಗಳನ್ನೂ ಪಟ್ಟಿಮಾಡಿದವು.

ಒಂದೊಂದರ ಪರಿಣಾಮ ತೀರಾ ಚಿಕ್ಕದು, ಒಪ್ಪುತ್ತೇನೆ. ಆದರೆ ಅವು ಯಾವ ದಿಕ್ಕನ್ನು ತೋರಿಸುತ್ತವೆ ಎಂಬುದು ಮುಖ್ಯ. 2004ರಲ್ಲಿ ಸಿಕ್ಕ ಪಿಟಿಪಿಎನ್22, ಅದಕ್ಕೂ ಮೊದಲಿನ ಸಿಟಿಎಲ್‌ಎ4, ಆಮೇಲಿನ ಐಎಲ್2ಆರ್‌ಎ, ಇವೆಲ್ಲ ಟಿ ಕೋಶಗಳ ಬ್ರೇಕು ಮತ್ತು ವೇಗಕ್ಕೆ ಸಂಬಂಧಿಸಿದವು. ಪಿಟಿಪಿಎನ್22ರ ಅದೇ ಒಂದು ಅಕ್ಷರದ ಬದಲಾವಣೆ ಸಂಧಿವಾತಕ್ಕೂ ಥೈರಾಯ್ಡಿನ ಸ್ವಯಂಪ್ರಹಾರ ಕಾಯಿಲೆಗೂ ದಾರಿ ಮಾಡುತ್ತದೆ. ಒಂದೇ ಮನೆಯಲ್ಲಿ ಒಬ್ಬರಿಗೆ ಥೈರಾಯ್ಡ್, ಇನ್ನೊಬ್ಬರಿಗೆ ಟೈಪ್ 1 ಕಾಣುವುದಕ್ಕೆ ಇಂಥವೂ ಕಾರಣ.

ಅವಳಿಗಳಲ್ಲೊಬ್ಬ:

ನಾನು ವಿಜ್ಞಾನಿಯಲ್ಲ, ಆದರೆ ಈ ವಿಷಯದಲ್ಲಿ ನಾನೇ ಒಂದು ಪ್ರಯೋಗ ಎನ್ನಬಹುದು. ನಾವು ಒಂದೇ ಅಂಡದಿಂದ ಹುಟ್ಟಿದ ಅವಳಿಗಳು. ನನ್ನ ಸಹೋದರನಿಗೆ ಹನ್ನೊಂದನೆಯ ವಯಸ್ಸಿನಲ್ಲಿ ಟೈಪ್ 1 ಬಂತು. ಈಗ ನಮಗೆ ನಲವತ್ತೊಂದು, ನನಗೆ ಇಂದಿಗೂ ಇಲ್ಲ. ಹತ್ತಾರು ವರ್ಷ ಪ್ರತಿ ಬಾಯಾರಿಕೆಗೂ ಹೆದರಿದ್ದೇನೆ. ಇಬ್ಬರ ಜೀನ್‌ಗಳೂ ಒಂದೇ ಆಗಿರುವಾಗ ಅವನಿಗೆ ಬಂದು ನನಗೆ ಬಾರದಿರುವುದನ್ನು ಈ 81 ತಾಣಗಳಲ್ಲಿ ಯಾವುದು ವಿವರಿಸುತ್ತದೆ?

ಪ್ರಯೋಗಾಲಯದವ:

ಯಾವುದೂ ವಿವರಿಸುವುದಿಲ್ಲ. ಏಕರೂಪಿ ಅವಳಿಗಳಲ್ಲಿ ಒಬ್ಬರಿಗೆ ಬಂದರೆ ಇನ್ನೊಬ್ಬರಿಗೂ ಬರುವ ಪ್ರಮಾಣ ಹೆಚ್ಚಿನ ಅಧ್ಯಯನಗಳಲ್ಲಿ ನೂರಕ್ಕೆ 30ರಿಂದ 50ರ ನಡುವೆ ಇದೆ. ಅರವತ್ತನೆಯ ವಯಸ್ಸಿನವರೆಗೂ ಹಿಂಬಾಲಿಸಿ, 2008ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅದು 65ಕ್ಕೆ ಏರಿತ್ತು. ಅದನ್ನು ಹೇಳಿ ನಿಮ್ಮನ್ನು ಹೆದರಿಸುವುದು ನನ್ನ ಉದ್ದೇಶವಲ್ಲ. ಮೂವತ್ತು ವರ್ಷ ಕಳೆದಿರುವುದು ನಿಮ್ಮ ಪರವಾಗಿಯೇ ಇದೆ.

ಜನ ಮರೆಯುವ ಒಂದು ಅಂಶವಿದೆ. ನಿಮ್ಮಿಬ್ಬರ ಡಿಎನ್‌ಎ ಒಂದೇ ಆದರೂ ಟಿ ಕೋಶಗಳು ಒಂದೇ ಅಲ್ಲ. ಪ್ರತಿ ಟಿ ಕೋಶವೂ ಬೆಳೆಯುವಾಗ ಗುರಿಯನ್ನು ಗುರುತಿಸುವ ತನ್ನ ಗ್ರಾಹಕದ, ಎಂದರೆ ರಿಸೆಪ್ಟರಿನ, ಜೀನ್ ತುಣುಕುಗಳನ್ನು ಇಸ್ಪೀಟಿನ ಎಲೆಗಳಂತೆ ಕಲಸಿ ಜೋಡಿಸಿಕೊಳ್ಳುತ್ತದೆ, ಆ ಕಲಸಾಟ ಇಬ್ಬರಲ್ಲೂ ಬೇರೆ ಬೇರೆಯಾಗಿ ನಡೆಯುತ್ತದೆ. ಎಂದರೆ ಜೀನ್ ಮತ್ತು ಪರಿಸರ ಎಂಬ ಎರಡರ ಜೊತೆಗೆ ಕೇವಲ ಆಕಸ್ಮಿಕ ಎಂಬ ಮೂರನೆಯದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಲೆಕ್ಕದ ಮೇಡಂ:

ತಾಯಿಯವರ ಎರಡನೆಯ ಪ್ರಶ್ನೆಗೆ ಇನ್ನೂ ಯಾರೂ ಕೈಹಾಕಿಲ್ಲವಾದ್ದರಿಂದ, ನಾನು ಸಂಖ್ಯಾಶಾಸ್ತ್ರ ಪಾಠ ಮಾಡುವವಳಾಗಿ ಒಂದು ಲೆಕ್ಕ ಮುಂದಿಡುತ್ತೇನೆ. ಅಂಕಿಗಳು ಯುರೋಪ್ ಮೂಲದ ಜನರಲ್ಲಿ ಸಿಕ್ಕವು, ಸುಲಭವಾಗಲೆಂದು ದುಂಡಗೆ ಮಾಡಿದ್ದೇನೆ. ಒಂದು ಲಕ್ಷ ನವಜಾತ ಶಿಶುಗಳಿವೆ ಎನ್ನಿ. ಕುಟುಂಬದಲ್ಲಿ ಕಾಯಿಲೆ ಇರಲಿ ಇಲ್ಲದಿರಲಿ, ಸುಮಾರು 0.4 ಶೇಕಡಾ, ಅಂದರೆ 400 ಮಕ್ಕಳಿಗೆ ಮುಂದೆ ಟೈಪ್ 1 ಬರುತ್ತದೆ. ಅತಿ ಹೆಚ್ಚಿನ ಅಪಾಯದ ಡಿಆರ್3 ಮತ್ತು ಡಿಆರ್4 ಎರಡೂ ಇರುವ ಶಿಶುಗಳು ನೂರಕ್ಕೆ 2.4ರಷ್ಟು, ಅಂದರೆ 2,400. ಅವರಲ್ಲಿ ಇಪ್ಪತ್ತಕ್ಕೆ ಒಬ್ಬರಂತೆ 120 ಮಕ್ಕಳಿಗೆ ಕಾಯಿಲೆ ಬರುತ್ತದೆ.

ಈಗ ಎರಡು ಕಡೆಯಿಂದ ನೋಡಿ. ‘ಅಪಾಯವಿದೆ’ ಎಂದು ಹೇಳಿಸಿಕೊಂಡ 2,400 ಮನೆಗಳಲ್ಲಿ 2,280 ಮನೆಗಳ ಮಗುವಿಗೆ ಏನೂ ಆಗುವುದಿಲ್ಲ. ‘ಆ ಜೋಡಿ ಇಲ್ಲ’ ಎಂದು ನಿಟ್ಟುಸಿರು ಬಿಟ್ಟ ಮನೆಗಳಿಂದಲೇ ಉಳಿದ 280 ರೋಗಿಗಳು ಬರುತ್ತಾರೆ. ಪರೀಕ್ಷೆ ಸುಳ್ಳು ಹೇಳಿತೆಂದಲ್ಲ. ಗುಂಪಿನ ಬಗ್ಗೆ ಅದು ಹೇಳುವ ಮಾತು ಪೂರ್ತಿ ನಿಜ, ಒಂದು ಮಗುವಿನ ಬಗ್ಗೆ ತಾಯಿಗೆ ಬೇಕಾದ ಉತ್ತರ ಮಾತ್ರ ಅದರಲ್ಲಿಲ್ಲ. ಎಚ್‌ಎಲ್‌ಎ ಜೊತೆಗೆ ಹತ್ತಾರು ತಾಣಗಳನ್ನು ಕೂಡಿಸುವ ಹೊಸ ಅಂಕಗಳು ಇದಕ್ಕಿಂತ ಚೆನ್ನಾಗಿ ಬೇರ್ಪಡಿಸುತ್ತವೆ. ಆದರೂ ಯುರೋಪಿನಲ್ಲಿ ನವಜಾತ ಶಿಶುಗಳನ್ನು ಅಧ್ಯಯನಕ್ಕೆ ಆರಿಸುವಾಗ ಬಳಸಿದ ಗಡಿ, ಆರು ವರ್ಷದೊಳಗೆ ಒಂದಕ್ಕಿಂತ ಹೆಚ್ಚು ಪ್ರತಿಕಾಯ ಮೂಡುವ ಸಾಧ್ಯತೆ ನೂರಕ್ಕೆ ಹತ್ತು ಎಂಬುದಾಗಿತ್ತು. ಗಡಿಯ ಅಂಚಿನಲ್ಲಿರುವ ಹತ್ತು ಮಕ್ಕಳಲ್ಲಿ ಒಂಬತ್ತು ಮಂದಿಗೆ ಆ ವಯಸ್ಸಿನೊಳಗೆ ಅದೂ ಆಗುವುದಿಲ್ಲ.

ನಿಮ್ಮ ಮಗಳು ಮಾತ್ರ ಈ ಒಂದು ಲಕ್ಷದ ಲೆಕ್ಕದವಳಲ್ಲ. ಒಡಹುಟ್ಟಿದವರಿಗೆ ಟೈಪ್ 1 ಇದ್ದರೆ ಸರಾಸರಿ ಅಪಾಯ ನೂರಕ್ಕೆ ಆರರಷ್ಟು, ಸಾಮಾನ್ಯರಿಗಿಂತ ಸುಮಾರು ಹದಿನೈದು ಪಟ್ಟು. ಹದಿನೈದು ಪಟ್ಟು ಎಂದಾಗ ಎದೆ ಧಸಕ್ಕೆನ್ನುತ್ತದೆ, ನೂರಕ್ಕೆ ತೊಂಬತ್ತನಾಲ್ಕು ಮಂದಿಗೆ ಬರುವುದಿಲ್ಲ ಎಂದಾಗ ಉಸಿರು ಮರಳುತ್ತದೆ. ಎರಡೂ ಒಂದೇ ಸಂಖ್ಯೆ.

ಇಬ್ಬರ ತಾಯಿ:

ಲೆಕ್ಕವನ್ನು ಎರಡು ಸಲ ಬರೆದು ನೋಡಿದೆ, ತಿಳಿಯಿತು. ಹಾಗಾದರೆ ಆ ಆರು ಎಂಬ ಸರಾಸರಿಯೊಳಗೆ ನನ್ನ ಮಗಳು ಎಲ್ಲಿದ್ದಾಳೆ ಎಂಬುದನ್ನಾದರೂ ಜೀನ್ ಪರೀಕ್ಷೆ ಹೇಳಬಲ್ಲದೇ?

ಮಕ್ಕಳ ವೈದ್ಯೆ:

ಸ್ವಲ್ಪ ಮಟ್ಟಿಗೆ ಹೇಳಬಲ್ಲದು. ಎಚ್‌ಎಲ್‌ಎ ಭಾಗವನ್ನು ಪ್ರತಿ ಮಗುವೂ ತಂದೆಯಿಂದ ಒಂದು, ತಾಯಿಯಿಂದ ಒಂದು ಹಾಳೆಯಾಗಿ ಪಡೆಯುತ್ತದೆ. ಅಣ್ಣನಿಗೆ ಬಂದ ಎರಡೂ ಹಾಳೆಗಳೇ ತಂಗಿಗೂ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು, ಒಂದು ಮಾತ್ರ ಬರುವುದು ನಾಲ್ಕರಲ್ಲಿ ಎರಡು, ಯಾವುದೂ ಬಾರದಿರುವುದು ನಾಲ್ಕರಲ್ಲಿ ಒಂದು. ಕೊಲೊರಾಡೋದಲ್ಲಿ 1993ರಿಂದ ಮಕ್ಕಳನ್ನು ಹಿಂಬಾಲಿಸುತ್ತಿರುವ ಡೈಸಿ ಅಧ್ಯಯನ 2006ರಲ್ಲಿ ಪ್ರಕಟಿಸಿದಂತೆ, ಡಿಆರ್3 ಮತ್ತು ಡಿಆರ್4 ಎರಡೂ ಇದ್ದು ಅಣ್ಣ ಅಥವಾ ಅಕ್ಕನ ಎರಡೂ ಹಾಳೆಗಳನ್ನು ಹಂಚಿಕೊಂಡ ಮಕ್ಕಳಲ್ಲಿ ಅರ್ಧದಷ್ಟು ಮಂದಿಗೆ ಹನ್ನೆರಡು ವರ್ಷದೊಳಗೆ ಕಾಯಿಲೆ ಬಂದಿತ್ತು. ಆ ಗುಂಪು ಬಹಳ ಚಿಕ್ಕದಾಗಿತ್ತು ಎಂಬುದನ್ನು ಮರೆಯದೆ ಈ ಅಂಕಿಯನ್ನು ಓದಿ.

ಆದರೆ ನನ್ನ ಬಳಿ ಬಂದು ಇದೇ ಪ್ರಶ್ನೆ ಕೇಳುವ ತಂದೆತಾಯಿಗೆ ನಾನು ಜೀನ್ ಪರೀಕ್ಷೆಯನ್ನು ಮೊದಲು ಹೇಳುವುದಿಲ್ಲ. ಜೀನ್ ಹೇಳುವುದು ಏನಾಗಬಹುದು ಎಂಬುದನ್ನು. ರಕ್ತದ ಪ್ರತಿಕಾಯ ಹೇಳುವುದು ಏನು ಆರಂಭವಾಗಿದೆ ಎಂಬುದನ್ನು. ಮೂರು ವರ್ಷದ ಮಗುವಿನ ವಿಷಯದಲ್ಲಿ ಎರಡನೆಯದು ಹೆಚ್ಚು ಉಪಯುಕ್ತ. ಇನ್ಸುಲಿನ್, ಇನ್ಸುಲಿನ್ ಕೋಶಗಳೊಳಗಿನ ಪ್ರೋಟೀನುಗಳಾದ ಗ್ಯಾಡ್ ಮತ್ತು ಐಎ-2, ಜಿಂಕ್ ಸಾಗಣೆಯ ಪ್ರೋಟೀನಾದ ಜೆಡ್‌ಎನ್‌ಟಿ8, ಈ ನಾಲ್ಕರ ವಿರುದ್ಧದ ಪ್ರತಿಕಾಯಗಳನ್ನು ನೋಡುತ್ತೇವೆ. 2013ರಲ್ಲಿ ಕೊಲೊರಾಡೋ, ಫಿನ್ಲೆಂಡ್, ಜರ್ಮನಿಗಳ 13,377 ಮಕ್ಕಳ ಮಾಹಿತಿಯನ್ನು ಒಟ್ಟುಗೂಡಿಸಿದಾಗ, ಎರಡು ಅಥವಾ ಹೆಚ್ಚು ಪ್ರತಿಕಾಯಗಳಿದ್ದ ಮಕ್ಕಳಲ್ಲಿ ಹತ್ತು ವರ್ಷದೊಳಗೆ ನೂರಕ್ಕೆ ಸುಮಾರು 70 ಮಂದಿಗೆ ಕಾಯಿಲೆ ಬಂದಿತ್ತು. ಒಂದೇ ಒಂದು ಇದ್ದವರಲ್ಲಿ 14.5, ಒಂದೂ ಇಲ್ಲದವರಲ್ಲಿ ಹದಿನೈದನೆಯ ವಯಸ್ಸಿನ ಹೊತ್ತಿಗೆ 0.4 ಮಾತ್ರ. ಜೀನ್ ಅಂಕದ ‘ನೂರಕ್ಕೆ ಹತ್ತು’ ಎಲ್ಲಿ, ಈ ಎಪ್ಪತ್ತು ಎಲ್ಲಿ!

ಒಂದು ಸಲ ‘ಇಲ್ಲ’ ಎಂದು ಬಂದರೆ ಮುಗಿಯಿತೆಂದು ತಿಳಿಯಬೇಡಿ. ಪ್ರತಿಕಾಯ ಮೊದಲು ಮೂಡುವುದು ಹೆಚ್ಚಾಗಿ ಒಂಬತ್ತು ತಿಂಗಳು ಮತ್ತು ಎರಡು ವರ್ಷದ ನಡುವೆ, ಆದರೆ ತಡವಾಗಿಯೂ ಮೂಡಬಹುದು. ಎರಡೇ ಸಲ ಪರೀಕ್ಷಿಸಲು ಸಾಧ್ಯವಿದ್ದರೆ ಎರಡು ಮತ್ತು ಆರನೆಯ ವಯಸ್ಸು ಸೂಕ್ತ ಎಂದು 2022ರ ಒಂದು ವಿಶ್ಲೇಷಣೆ ತೋರಿಸಿದೆ. ಮನೆಯಲ್ಲಿ ಒಬ್ಬರಿಗೆ ಈಗಾಗಲೇ ಇರುವುದರಿಂದ ನಿಮ್ಮ ವೈದ್ಯರು ಇನ್ನೂ ಹತ್ತಿರದ ಅಂತರದಲ್ಲಿ ಮಾಡಿಸಲೂ ಹೇಳಬಹುದು.

ತಿಳಿದು ಏನು ಮಾಡುವುದು ಎಂದು ಕೇಳಿದ್ದಿರಿ. ಮೊದಲನೆಯದು, ಕಾಯಿಲೆ, ಇನ್ಸುಲಿನ್ ಸಾಲದೆ ರಕ್ತದಲ್ಲಿ ಆಮ್ಲ ತುಂಬಿಕೊಳ್ಳುವ ಕೀಟೋ ಆಮ್ಲದ ವಿಷಮಸ್ಥಿತಿಯಲ್ಲಿ, ಮಗು ಏದುಸಿರು ಬಿಡುತ್ತ ತುರ್ತು ಚಿಕಿತ್ಸೆಗೆ ಬರುವ ರೂಪದಲ್ಲಿ, ಮೊದಲು ಕಾಣಿಸಿಕೊಳ್ಳುವುದು ಬಹುಮಟ್ಟಿಗೆ ತಪ್ಪುತ್ತದೆ. ಕಣ್ಣಿಟ್ಟು ನೋಡಿಕೊಂಡ ಮಕ್ಕಳಲ್ಲಿ ಇದು ಸ್ಪಷ್ಟವಾಗಿ ಕಡಿಮೆ, ಈ ಒಂದು ಲಾಭವೇ ನನಗೆ ಸಾಕು. ಎರಡನೆಯದು ಟೆಪ್ಲಿಜುಮ್ಯಾಬ್ ಎಂಬ ಔಷಧ. ಎರಡು ಪ್ರತಿಕಾಯಗಳ ಜೊತೆಗೆ ಸಕ್ಕರೆಯ ಹತೋಟಿಯೂ ತಪ್ಪತೊಡಗಿರುವ ಎರಡನೆಯ ಹಂತದಲ್ಲಿ, ಎಂಟು ವರ್ಷ ಮೇಲ್ಪಟ್ಟವರಿಗೆ ಕೊಡಲು ಅಮೆರಿಕದ ನಿಯಂತ್ರಕರು 2022ರ ನವೆಂಬರಿನಲ್ಲಿ ಒಪ್ಪಿಗೆ ಕೊಟ್ಟರು. 76 ಜನರ ಪ್ರಯೋಗದಲ್ಲಿ ಅದು ಕಾಯಿಲೆಯನ್ನು ಸುಮಾರು ಎರಡು ವರ್ಷ ಮುಂದೂಡಿತ್ತು. ಟಿ ಕೋಶಗಳ ಮೇಲೆಯೇ ಕೆಲಸ ಮಾಡುವ ಔಷಧವಿದು ಎಂಬುದನ್ನು ಸಂಶಯಾತ್ಮರು ಗಮನಿಸಬೇಕು.

ವಿಷಯಕ್ಕೆ ಸ್ವಲ್ಪ ಹೊರಗಿನದಾದರೂ ಒಂದು ಮಾತು ಸೇರಿಸುತ್ತೇನೆ. ಆರು ತಿಂಗಳಿಗಿಂತ ಮೊದಲು ಮಧುಮೇಹ ಕಂಡ ಶಿಶುವಿಗೆ ಜೀನ್ ಪರೀಕ್ಷೆಯನ್ನು ತಪ್ಪದೆ ಮಾಡಿಸಬೇಕು. ಅದು ಬಹುತೇಕ ಟೈಪ್ 1 ಆಗಿರುವುದಿಲ್ಲ, ಒಂದೇ ಜೀನಿನ ದೋಷವಾಗಿರುತ್ತದೆ, ಕೆಲವರಿಗೆ ಇನ್ಸುಲಿನ್ ಬಿಡಿಸಿ ಮಾತ್ರೆಗೆ ಬದಲಾಯಿಸಬಹುದು.

ಮೂವತ್ನಾಲ್ಕರಲ್ಲಿ ಪತ್ತೆಯಾದವಳು:

ಜೀನ್ ಅಂಕ ಯಾರಿಗೂ ಉಪಯೋಗವಿಲ್ಲ ಎಂಬ ಭಾವನೆ ಮೂಡಬಾರದೆಂದು ಬರೆಯುತ್ತಿದ್ದೇನೆ. ಮೂವತ್ತೆರಡನೆಯ ವಯಸ್ಸಿನಲ್ಲಿ ಸಕ್ಕರೆ ಏರಿದಾಗ ನನ್ನ ವಯಸ್ಸನ್ನು ಮಾತ್ರ ನೋಡಿ ಟೈಪ್ 2 ಎಂದು ಬರೆದರು. ಎರಡು ವರ್ಷ ಮಾತ್ರೆಯ ಮೇಲೆ ಮಾತ್ರೆ, ತೂಕ ಇಳಿಯುತ್ತಲೇ ಇತ್ತು, ಪಥ್ಯ ಮಾಡುತ್ತಿಲ್ಲವೆಂದು ಬೈಸಿಕೊಂಡದ್ದೂ ಆಯಿತು. ಕೊನೆಗೆ ಬೇರೊಬ್ಬ ವೈದ್ಯರು ಪ್ರತಿಕಾಯ ನೋಡಿಸಿದಾಗ ಟೈಪ್ 1 ಎಂದು ತಿಳಿಯಿತು. ಲಕ್ಷಾಂತರ ಜನರ ಜೀನ್ ಮತ್ತು ಆರೋಗ್ಯದ ದಾಖಲೆಯಿರುವ ಬ್ರಿಟನ್ನಿನ ಬಯೋಬ್ಯಾಂಕ್ ಮಾಹಿತಿಯಲ್ಲಿ ಜೀನ್ ಅಂಕವನ್ನೇ ಜರಡಿಯಾಗಿ ಬಳಸಿ ಲೆಕ್ಕ ಹಾಕಿದಾಗ, ಅರವತ್ತರೊಳಗೆ ಬರುವ ಟೈಪ್ 1ರಲ್ಲಿ ನೂರಕ್ಕೆ 42ರಷ್ಟು ಮೂವತ್ತು ದಾಟಿದ ಮೇಲೆ ಬರುತ್ತದೆ ಎಂದು 2018ರಲ್ಲಿ ಪ್ರಕಟವಾಯಿತು. ನನ್ನಂಥವರು ಅಪರೂಪ ಎಂಬ ತಪ್ಪು ಕಲ್ಪನೆಯನ್ನು ಒಡೆದದ್ದು ಜೀನ್ ಹುಡುಕಿದವರೇ.

ಸಂಶಯಾತ್ಮ:

ಔಷಧದ ವಿಷಯ ಗಮನಿಸಿದೆ, ಡಾಕ್ಟರೇ. ಒಂದು ಹೆಜ್ಜೆ ಹಿಂದೆ ಸರಿಯುತ್ತೇನೆ. ಆದರೂ ಒಂದು ಪ್ರಶ್ನೆ ಉಳಿದಿದೆ. ಕೆಲವೇ ದಶಕಗಳಲ್ಲಿ ಟೈಪ್ 1 ಹಲವು ದೇಶಗಳಲ್ಲಿ ಏರಿದೆ. ಜೀನ್‌ಗಳು ಅಷ್ಟು ಬೇಗ ಬದಲಾಗುವುದಿಲ್ಲ. ಫಿನ್ಲೆಂಡಿನಲ್ಲಿ ಪ್ರಪಂಚದಲ್ಲೇ ಹೆಚ್ಚು, ಗಡಿಯಾಚೆಯ ರಷ್ಯಾದ ಕರೇಲಿಯಾದಲ್ಲಿ ಎಚ್‌ಎಲ್‌ಎ ಬಗೆಗಳು ಹೆಚ್ಚು ಕಡಿಮೆ ಹಾಗೆಯೇ ಇದ್ದರೂ ಕಾಯಿಲೆ ಆರನೆಯ ಒಂದು ಭಾಗ ಎಂದು 2005ರಲ್ಲಿ ತೋರಿಸಿದ್ದಾರೆ. ಹುಡುಕಬೇಕಾದದ್ದು ಪರಿಸರವನ್ನಲ್ಲವೇ?

ಪ್ರಯೋಗಾಲಯದವ:

ಅದನ್ನೂ ಹುಡುಕುತ್ತಿದ್ದಾರೆ, ದಾರಿ ತೋರಿಸುತ್ತಿರುವುದು ಜೀನ್‌ಗಳೇ. ಟೆಡ್ಡಿ ಎಂಬ ಅಧ್ಯಯನ 2004ರಿಂದ 2010ರ ನಡುವೆ ಅಮೆರಿಕ, ಫಿನ್ಲೆಂಡ್, ಜರ್ಮನಿ, ಸ್ವೀಡನ್‌ಗಳಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ನವಜಾತ ಶಿಶುಗಳ ಎಚ್‌ಎಲ್‌ಎ ನೋಡಿ, ಅಪಾಯವಿರುವ ಎಂಟು ಸಾವಿರದ ಆರುನೂರಕ್ಕೂ ಹೆಚ್ಚು ಮಕ್ಕಳನ್ನು ಆರಿಸಿಕೊಂಡು, ನಿಯಮಿತವಾಗಿ ಅವರ ಮಲ, ರಕ್ತ, ಆಹಾರ, ಸೋಂಕುಗಳನ್ನು ದಾಖಲಿಸಿತು. ಜೀನ್ ನೋಡದೆ ಮಕ್ಕಳನ್ನು ಆರಿಸಿದ್ದರೆ ಇಷ್ಟೇ ರೋಗಿಗಳನ್ನು ಕಾಣಲು ಹಲವು ಪಟ್ಟು ಮಕ್ಕಳನ್ನು ಹಿಂಬಾಲಿಸಬೇಕಾಗುತ್ತಿತ್ತು. ಎಂಟರೊವೈರಸ್ ಬಿ ಗುಂಪಿನ ಸೋಂಕು ದೀರ್ಘಕಾಲ ಉಳಿದ ಮಕ್ಕಳಲ್ಲಿ ಪ್ರತಿಕಾಯಗಳು ಹೆಚ್ಚಾಗಿ ಮೂಡಿದವು ಎಂದು ಅದು 2019ರಲ್ಲಿ ವರದಿ ಮಾಡಿತು.

ಇದಕ್ಕೆ ಹೊಂದುವ ಜೀನೂ ಇದೆ. ಐಎಫ್‌ಐಎಚ್1 ಎಂಬ ಜೀನ್ ತಯಾರಿಸುವ ಪ್ರೋಟೀನು ಕೋಶದೊಳಗೆ ಇಂಥ ವೈರಸ್‌ಗಳ ಆರ್‌ಎನ್‌ಎಯನ್ನು ಮೂಸಿ ಎಚ್ಚರಿಕೆಯ ಗಂಟೆ ಬಾರಿಸುತ್ತದೆ. ಆ ಪ್ರೋಟೀನನ್ನು ಕೆಡಿಸುವ ಅಪರೂಪದ ಬದಲಾವಣೆಗಳು ಇರುವವರಿಗೆ ಟೈಪ್ 1 ಕಡಿಮೆ ಎಂದು 2009ರಲ್ಲಿ ಕಂಡುಬಂತು. ಗಂಟೆ ಮೆತ್ತಗೆ ಬಾರಿಸುವವರು ಬಚಾವಾಗುತ್ತಾರೆ! ವೈರಸ್ಸೇ ಕಾರಣ ಎಂದು ಇದರಿಂದ ಸಾಬೀತಾಗುವುದಿಲ್ಲ, ಆದರೆ ಎರಡು ಬೇರೆ ದಾರಿಗಳಲ್ಲಿ ಹೊರಟವರು ಒಂದೇ ಬಾಗಿಲ ಮುಂದೆ ಬಂದು ನಿಂತಿದ್ದಾರೆ.

ಎಂಜಲಿನ ಪರೀಕ್ಷೆಯ ಬಗ್ಗೆ ಒಂದು ಎಚ್ಚರಿಕೆ ಹೇಳಿ ಮುಗಿಸುತ್ತೇನೆ. ಮಾರಾಟದ ಪರೀಕ್ಷೆಗಳು ಎಚ್‌ಎಲ್‌ಎಯನ್ನು ನೇರವಾಗಿ ಓದದೆ ಅದರ ಪಕ್ಕದ ಕೆಲವು ಅಕ್ಷರಗಳಿಂದ ಊಹಿಸಬಹುದು. ಆ ಊಹೆಯ ಕೋಷ್ಟಕಗಳೂ ಅಂಕದ ತೂಕಗಳೂ ಹೆಚ್ಚಾಗಿ ಯುರೋಪ್ ಮೂಲದವರ ಮಾಹಿತಿಯಿಂದ ಕಟ್ಟಿದವು. ಬೇರೆ ಮೂಲದ ಮಗುವಿಗೆ ಅದೇ ತಕ್ಕಡಿ ಹಿಡಿದರೆ ಮುಳ್ಳು ಸರಿಯಾಗಿ ನಿಲ್ಲುತ್ತದೆಂಬ ಭರವಸೆಯಿಲ್ಲ.

ಇಬ್ಬರ ತಾಯಿ:

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಮಗಳ ರಕ್ತ ಕೊಟ್ಟು ಬಂದೆವು, ನಾಲ್ಕು ಪ್ರತಿಕಾಯಗಳಿಗೆ. ಎಂಜಲಿನ ಪರೀಕ್ಷೆಯನ್ನು ಕೈಬಿಟ್ಟಿದ್ದೇವೆ. ಯಾರ ಕಡೆಯಿಂದ ಬಂತು ಎಂಬ ಮಾತನ್ನೂ ಅದರ ಜೊತೆಗೇ ಬಿಟ್ಟಿದ್ದೇವೆ, ಎರಡೂ ಕಡೆಯಿಂದ ಬಂದಿರಬಹುದೆಂದು ತಿಳಿದ ಮೇಲೆ ಆ ಜಗಳಕ್ಕೆ ಅರ್ಥ ಉಳಿಯಲಿಲ್ಲ. ಎರಡು ಹಾಳೆಗಳ ಮಾತನ್ನು ಮಗನಿಗೆ ಹೇಳಿದೆ. ಅವನು ಒಂದು ಪ್ರಶ್ನೆ ಕೇಳಿದ, ನನಗೆ ಉತ್ತರ ಗೊತ್ತಿಲ್ಲ, ಅವನದೇ ಮಾತಿನಲ್ಲಿ ಬರೆಯುತ್ತೇನೆ: ‘ನನಗೆ ಸಿಗದ ಎರಡು ಹಾಳೆ ಇದಾವಲ್ಲ ಅಮ್ಮ, ಅವು ಒಳ್ಳೆಯವಾಗಿದ್ದು ಅವಳಿಗೆ ಸಿಕ್ಕಿರಬಹುದಾ?’

ಪ್ರಯೋಗಾಲಯದವ:

ಸಿಕ್ಕಿರಬಹುದು ಎಂದು ಹೇಳಿ. ಎರಡೂ ಅವಳಿಗೆ ಸಿಕ್ಕಿರುವ ಸಾಧ್ಯತೆ ನಾಲ್ಕರಲ್ಲಿ ಒಂದು, ಎರಡರಲ್ಲಿ ಒಂದಾದರೂ ಸಿಕ್ಕಿರುವ ಸಾಧ್ಯತೆ ನಾಲ್ಕರಲ್ಲಿ ಮೂರು. ಡಿಕ್ಯೂವಿನ ಬೀಟಾ ಸರಪಳಿಯ ಜೀನಾದ ಡಿಕ್ಯೂಬಿ1ರ 06:02 ಎಂಬ ಬಗೆ ಯುರೋಪ್ ಮೂಲದ ಆರೋಗ್ಯವಂತರಲ್ಲಿ ಐವರಲ್ಲಿ ಒಬ್ಬರಿಗೆ ಇರುತ್ತದೆ, ಟೈಪ್ 1 ಇರುವ ಮಕ್ಕಳಲ್ಲಿ ನೂರಕ್ಕೆ ಒಬ್ಬರಿಗೂ ಇರುವುದಿಲ್ಲ. ಅದು ಪಕ್ಕದಲ್ಲಿದ್ದರೆ ಅಪಾಯದ ಇನ್ನೊಂದು ಹಾಳೆಯನ್ನೂ ಬಹುಮಟ್ಟಿಗೆ ತಡೆಹಿಡಿಯುತ್ತದೆ. ಅವನಿಗೆ ಕಾಯಿಲೆ ಬಂದಿರುವುದರಿಂದ, ನಿಮ್ಮಿಬ್ಬರಲ್ಲಿ ಯಾರಲ್ಲಾದರೂ ಅಂಥ ಹಾಳೆ ಇದ್ದರೆ ಅದು ಬಹುತೇಕ ಅವನಿಗೆ ಸಿಗದ ಎರಡರಲ್ಲೇ ಇದೆ. ಹುಡುಗ ಸರಿಯಾದ ಕಡೆಯೇ ಹುಡುಕುತ್ತಿದ್ದಾನೆ.